ಬೇಲಿಗೆ ಸಿಕ್ಕಿ ಸತ್ತ ಕಡವೆ

“ಭತ್ತ ತಿಂದ ಕಡವೆ ಬೇಲಿಗೆ ಸಿಕ್ಕಿ ಸತ್ತಿದೆ ಸಾರ್. ಅಷ್ಟು ಮಾಂಸ ಮಣ್ಣುಪಾಲಾಗಬೇಕೆ?” ಎಂದು ಭಂಡಿಗಡಿಯ ರೈತರೊಬ್ಬರು ಕೇಳಿದರು.

ಹಿಂದಿನ ಷಿಕಾರಿಯಲ್ಲಿ ಕೋವಿಯವರಿಗೂ ಸೋವಿನವರಿಗೂ ಪಾಲಿತ್ತು; ಮಾಂಸ ವ್ಯರ್ಥವಾಗುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಈಗ ಬೇಟೆ ಅಪರಾಧ. ಬೆಳೆ ರಕ್ಷಣೆಯ ಕೋವಿ ಪರವಾನಗಿ ಬೇಟೆಗೆ ಅನುಮತಿಯಲ್ಲ. ತಾನಾಗಿ ಸತ್ತ ಕಡವೆಯೂ ಸರ್ಕಾರದ ಸ್ವತ್ತು. ಆದ್ದರಿಂದ ಮಾಂಸ, ಚರ್ಮ, ಕೊಂಬು ಮುಟ್ಟದೆ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ. ಕೈಸೇರಿದ್ದರೆ 48 ಗಂಟೆಯೊಳಗೆ ವರದಿ ಮಾಡಲೇಬೇಕು.

ಕಡವೆ, ಜಿಂಕೆಗಳು ಕಾಡಿನಲ್ಲಿ ಹುಲಿ, ಚಿರತೆ, ಕೆನ್ನಾಯಿಗಳ ಆಹಾರ. ಅವು ಕಡಿಮೆಯಾದರೆ ಚಿರತೆಯ ಕಣ್ಣು ಕೊಟ್ಟಿಗೆಯ ಕರುವಿನ ಮೇಲೆ ಬೀಳುತ್ತದೆ.

ಉರುಳು, ವಿದ್ಯುತ್ ತಂತಿ ಇಡಬೇಡಿ. ದನಕ್ಕೂ ಜನಕ್ಕೂ ಅಪಾಯ. ಬೆಳೆಹಾನಿಯಾದರೆ ಫೋಟೋ, ಪಹಣಿಯೊಂದಿಗೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಎಳೆಯ ಅಡಿಕೆ ಸಸಿಗೆ ಈಗಲೇ ಮುಳ್ಳುಬೇಲಿ ಕಟ್ಟಿ.