ಒಂದು ಪುಸ್ತಕಪಟ್ಟಿ, ಮೂರು ಗಣಕಯಂತ್ರಗಳು

ನಮ್ಮ ಬೀದಿಯ ಪುಟ್ಟ ವಾಚನಾಲಯದ ಪುಸ್ತಕಪಟ್ಟಿಗೆ ಮೂರು ಪ್ರತಿಗಳುಂಟು. ಒಂದು ವಾಚನಾಲಯದ ಗಣಕಯಂತ್ರದಲ್ಲಿ, ಇನ್ನೊಂದು ಕಾರ್ಯದರ್ಶಿಗಳ ಮನೆಯಲ್ಲಿ, ಮತ್ತೊಂದು ನನ್ನಲ್ಲಿ. ಒಂದು ಭಾನುವಾರ ನಾನು ನನ್ನ ಪ್ರತಿಯನ್ನು ಕೊಂಡೊಯ್ದು ವಾಚನಾಲಯದ ಪ್ರತಿಯ ಸ್ಥಾನದಲ್ಲಿ ಇರಿಸಿಬಿಟ್ಟೆನು. ಆ ವಾರ ಅಲ್ಲಿ ಬರೆದಿದ್ದ ಎರವಲಿನ ಲೆಕ್ಕವೆಲ್ಲ ಅಳಿಸಿಹೋಯಿತು. ಯಾವ ಪುಸ್ತಕ ಯಾರಲ್ಲಿದೆಯೆಂದು ಮನೆಮನೆಗೆ ಹೋಗಿ ವಿಚಾರಿಸಬೇಕಾಯಿತು.

ಪ್ರೋಗ್ರಾಮುಗಳನ್ನು ರಚಿಸುವವರು ಇಂತಹ ಅನಾಹುತಕ್ಕೆ ಎಂದೋ ಉಪಾಯವನ್ನು ಕಂಡುಕೊಂಡಿದ್ದಾರೆ. ಬರೆಹದ ಒಂದೊಂದು ಅವಸ್ಥೆಯನ್ನೂ ಕಾದಿರಿಸಿ, ಹಲವರು ಪ್ರತ್ಯೇಕವಾಗಿ ತಿದ್ದಿದುದನ್ನು ಕೂಡಿಸಿಕೊಡುವ ವ್ಯವಸ್ಥೆ ಅದು. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ‘ಗಿಟ್’ ಇವುಗಳಲ್ಲಿ ಇಂದು ಬಹಳ ಬಳಕೆಯಲ್ಲಿದೆ. ಹಾಗಾದರೆ ಪಟ್ಟಿಯನ್ನು ಅದಕ್ಕೆ ಒಪ್ಪಿಸಿದರೆ ತೀರಿತಲ್ಲವೆ ಎಂದು ವಾಚಕರು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆನು.

ತೊಡಕಿರುವುದು ಕಡತದ ರಚನೆಯಲ್ಲಿ. ನಮ್ಮ ಪಟ್ಟಿಯು ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ‘ಎಸ್‌ಕ್ಯೂಲೈಟ್’ ಎಂಬ ದತ್ತಸಂಚಯದಲ್ಲಿದೆ. ಸಂಚಯವೆಲ್ಲ ಒಂದೇ ಕಡತದಲ್ಲಿ, ಸಾಮಾನ್ಯವಾಗಿ 4096 ಬೈಟುಗಳ ಪುಟಗಳಾಗಿ ಅಡಕವಾಗಿರುತ್ತದೆ. ಒಂದು ಪುಸ್ತಕದ ಹೆಸರನ್ನು ಸೇರಿಸಿದರೂ ಅದರ ಪುಟದೊಡನೆ ಸೂಚಿಯ ಪುಟವೂ ಬದಲಾಗಬಹುದು. ಗಿಟ್ ಹೋಲಿಸಿ ಕೂಡಿಸಬಲ್ಲುದು ಸಾಲುಗಳನ್ನು. ಈ ಕಡತದಲ್ಲಿ ಸಾಲುಗಳೇ ಇಲ್ಲ. ಆದುದರಿಂದ ಎರಡು ಪ್ರತಿಗಳಲ್ಲಿ ಒಂದನ್ನು ಆರಿಸಿಕೊಳ್ಳಿರೆಂದು ಹೇಳಿ ಅದು ಕೈಬಿಡುತ್ತದೆ. ನಾನು ಭಾನುವಾರ ಮಾಡಿದ್ದೂ ಅದನ್ನೇ!

ಆದಕಾರಣ ಗಿಟ್‌ಗೆ ಒಪ್ಪಿಸಬೇಕಾದುದು ಮೂಲ ಕಡತವನ್ನಲ್ಲ, ಅದರ ಬರೆಹರೂಪವನ್ನು. ಎಸ್‌ಕ್ಯೂಲೈಟಿನ ‘ಡಂಪ್’ ಆಜ್ಞೆಯು ಸಂಚಯವನ್ನು ಬಿಚ್ಚಿ, ದಾಖಲೆಗಳನ್ನು ಒಂದೊಂದಾಗಿ ಬರೆದುಕೊಡುತ್ತದೆ. ಆ ಬರೆಹದಿಂದ ಸಂಚಯವನ್ನು ಮತ್ತೆ ಕಟ್ಟಬಹುದು. ಲಕ್ಷಗಟ್ಟಲೆ ದಾಖಲೆಗಳಿದ್ದರೆ ಇದು ಭಾರವಾದೀತು. ಪುಟ್ಟ ಪಟ್ಟಿಗೆ ಸಾಕು.

ಆದರೆ ದಾಖಲೆಗಳಿಗೆ 1, 2, 3 ಎಂದು ಕ್ರಮಸಂಖ್ಯೆ ಕೊಡುವ ಪದ್ಧತಿಯನ್ನು ಬಿಡಬೇಕು. 812ನೆಯ ಪುಸ್ತಕವನ್ನು ಸೇರಿಸಿದ ಮೇಲೆ ಕಾರ್ಯದರ್ಶಿಗಳೂ ನಾನೂ ನಮ್ಮನಮ್ಮ ಮನೆಯಲ್ಲಿ ಬೇರೆಬೇರೆ ಪುಸ್ತಕಗಳಿಗೆ 813 ಎಂದೇ ಬರೆಯುತ್ತೇವೆ. ಅದೂ ಇಬ್ಬರೂ ಪಟ್ಟಿಯ ಕೊನೆಯಲ್ಲಿ, ಒಂದೇ ಸ್ಥಳದಲ್ಲಿ ಬರೆಯುವುದರಿಂದ ಗಿಟ್ ಪ್ರತಿಸಲವೂ ತಡವರಿಸುತ್ತದೆ. ಅದರ ಬದಲು ಪ್ರತಿ ದಾಖಲೆಗೂ 128 ಬಿಟ್ಟುಗಳ ಯಾದೃಚ್ಛಿಕ ಗುರುತನ್ನು ಕೊಟ್ಟರೆ ಎರಡು ಗುರುತುಗಳು ಒಂದೇ ಆಗುವ ಸಂಭವ ಇಲ್ಲವೆನ್ನುವಷ್ಟು ಕಡಮೆ. ಸಾಲುಗಳನ್ನು ಗುರುತಿನ ಅನುಕ್ರಮದಲ್ಲಿ ಜೋಡಿಸಿದರೆ ಹೊಸ ದಾಖಲೆಗಳು ಪಟ್ಟಿಯುದ್ದಕ್ಕೂ ಚದರಿ ಕುಳಿತುಕೊಳ್ಳುತ್ತವೆ, ಘರ್ಷಣೆ ಅಪರೂಪವಾಗುತ್ತದೆ.

ಒಂದೇ ದಾಖಲೆಯನ್ನು ಇಬ್ಬರೂ ತಿದ್ದಿದ್ದರೆ ಗಿಟ್ ಎರಡು ಸಾಲುಗಳನ್ನೂ ಎದುರಿಗಿಟ್ಟು ನಿಲ್ಲುತ್ತದೆ. ಅದಕ್ಕೆ ತಿಳಿಯದ ತಪ್ಪೂ ಒಂದುಂಟು. ಒಂದೇ ಪುಸ್ತಕವನ್ನು ಇಬ್ಬರಿಗೆ ಎರವಲು ಕೊಟ್ಟಂತೆ ಎರಡು ಪ್ರತಿಗಳಲ್ಲಿ ಬರೆದಿದ್ದರೆ, ಅವು ಬೇರೆ ಸಾಲುಗಳಾದುದರಿಂದ ಅದು ಎರಡನ್ನೂ ಸೇರಿಸಿಬಿಡಬಹುದು. ಹಿಂದಿರುಗದ ಪುಸ್ತಕಕ್ಕೆ ಒಂದೇ ಎರವಲು ಎಂಬ ನಿಯಮವನ್ನು ಸಂಚಯದಲ್ಲಿಯೇ ಬರೆದಿಟ್ಟಿದ್ದರೆ, ಬರೆಹದಿಂದ ಅದನ್ನು ಮತ್ತೆ ಕಟ್ಟುವಾಗ ಎಸ್‌ಕ್ಯೂಲೈಟ್ ಒಪ್ಪುವುದಿಲ್ಲ. ಆಗ ಎರವಲಿನ ಚೀಟಿಗಳನ್ನು ತೆಗೆದು ನೋಡಬೇಕು.