ಒಬ್ಬನೇ ಹಾಡುಗಾರ, ಊರೂರ ದಾರಿ

ಹೊಸ ಬೆಂಗಳೂರು–ಮೈಸೂರು ಹೆದ್ದಾರಿ ಹಿಡಿದು ಹೋದವರಿಗೆ ಜನಪದ ವಸ್ತುಸಂಗ್ರಹಾಲಯವಾದ ಜಾನಪದ ಲೋಕ ಸಿಗುವುದಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ರಸ್ತೆ ರಾಮನಗರ, ಚನ್ನಪಟ್ಟಣ ಎರಡನ್ನೂ ಪಕ್ಕಕ್ಕೆ ಬಿಟ್ಟು ಬೈಪಾಸಿನಲ್ಲಿ ಸಾಗಿಬಿಡುತ್ತದೆ. ಹಳೆಯ ರಸ್ತೆಗೇ ಇಳಿದು, ರಾಮನಗರ ಪೇಟೆ ದಾಟಿ, ಚನ್ನಪಟ್ಟಣದ ಕಡೆಗೆ ಒಂದಿಷ್ಟು ದೂರ ಹೋದರೆ ಹೆಬ್ಬಾಗಿಲು ಕಾಣುತ್ತದೆ.

ನಾನು ಬಂದದ್ದು ಒಂದು ಪ್ರಶ್ನೆ ಹೊತ್ತು. ಬೆಂಗಳೂರಿನ ತರುಣ ಗಾಯಕ ಗಾಯಕಿಯರು ಈಗ ‘ಮೊದಲ ಸೋಲೋ ಟೂರ್’ ಎಂದು ಪೋಸ್ಟರ್ ಹಾಕುತ್ತಾರೆ. ಸಿನಿಮಾದ ಹೆಸರಿಲ್ಲದೆ, ತಾರೆಯ ಮುಖವಿಲ್ಲದೆ, ತನ್ನ ಕಂಠವೊಂದನ್ನೇ ನಂಬಿ ಊರಿಂದೂರಿಗೆ ಹೋಗುವುದು ನಿಜಕ್ಕೂ ದೊಡ್ಡ ಧೈರ್ಯ. ಹಾಗಾದರೆ ಈ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಹಾಗೆ ಒಬ್ಬನೇ ಹಾಡುತ್ತಾ ಹೊರಟವರು ಯಾರು? ಅವರ ದಾರಿ ಯಾವುದು?

ಜಾನಪದ ಲೋಕದ ಲೋಕಮಹಲ್‌ನಲ್ಲಿ ಹೆಚ್ಚಿನವರು ಗೊಂಬೆಗಳ ಮುಂದೆ, ಯಕ್ಷಗಾನದ ವೇಷಭೂಷಣಗಳ ಮುಂದೆ ನಿಲ್ಲುತ್ತಾರೆ. ನಾನು ವಾದ್ಯಗಳ ಹತ್ತಿರ ನಿಂತೆ. ಜನಪದರ ವಾದ್ಯಗಳಲ್ಲಿ ಎರಡು ಬಗೆ ಇದೆ. ನಗಾರಿ, ತಮಟೆ, ಡೊಳ್ಳುಗಳಿಗೆ ಗುಂಪು ಬೇಕು, ಮೆರವಣಿಗೆ ಬೇಕು. ತಂಬೂರಿ, ಏಕತಾರಿ, ಚೌಡಿಕೆ, ಕಿನ್ನರಿಗಳಿಗೆ ಒಬ್ಬ ಮನುಷ್ಯ ಸಾಕು. ಹೆಗಲಿಗೇರಿಸಿ ಇಡೀ ದಿನ ನಡೆದರೂ ಭಾರವೆನಿಸದಷ್ಟೇ ಅವುಗಳ ತೂಕ. ಕಿನ್ನರಿಯ ಸೋರೆಬುರುಡೆಯಿಂದ ಹೊರಡುವ ನಾದ ಒಂದು ಅಂಗಳವನ್ನು ತುಂಬುತ್ತದೆ, ಅದಕ್ಕಿಂತ ಹೆಚ್ಚಿನದು ಅದನ್ನು ನುಡಿಸುತ್ತಾ ಅಲೆಯುವ ಜೋಗಿಗೆ ಬೇಕಾಗಿರಲೂ ಇಲ್ಲ. ದಾರಿ ನಡೆಯುವವರೇ ಕಂಡುಕೊಂಡ ಅಳತೆ ಅದು.

ತಂಬೂರಿ ಕಂಡರೆ ನೀಲಗಾರರ ಮಾತು ಬಂದೇ ಬರುತ್ತದೆ. ಗುರು ಮಂಟೇಸ್ವಾಮಿ, ಅವನ ಶಿಷ್ಯ ಸಿದ್ದಪ್ಪಾಜಿಯರ ಕಥೆ ಹಾಡುವವರು ಇವರು. ಹೆಚ್ಚಿನವರು ದಲಿತರು, ಬೇರೆ ಜಾತಿಗಳವರೂ ಉಂಟು. ಗುರುವಿನಿಂದ ದೀಕ್ಷೆ ಪಡೆದ ಮೇಲೆಯೇ ನೀಲಗಾರ. ಮನೆಗಳ ಮುಂದೆ ನಿಂತು ಪದ ಹೇಳಿ ಭಿಕ್ಷ ಪಡೆಯುವಾಗ ಒಬ್ಬನೇ. ರಾತ್ರಿಯಿಡೀ ಕಥೆ ಮಾಡಬೇಕಾದಾಗ ಮಾತ್ರ ತಾಳ, ಡಕ್ಕಿ ಹಿಡಿದ ಹಿಮ್ಮೇಳ ಜೊತೆಗೂಡುತ್ತದೆ. ಆಗಲೂ ಕಥೆಯ ಹೊಣೆ ಮುಮ್ಮೇಳದವನದೇ. ಒಂದು ಕೈ ತಂಬೂರಿ ಮೀಟುತ್ತದೆ, ಇನ್ನೊಂದು ಕೈಯಲ್ಲಿ ಗಗ್ಗರ. ಅಳುವ ತಾಯಿಯೂ ಅವನೇ, ಗದರುವ ಗುರುವೂ ಅವನೇ. ಕೇಳುವವರಿಗೆ ಕಥೆ ಮೊದಲೇ ಗೊತ್ತು. ಸಾಲು ತಪ್ಪಿದರೆ ಮುಂದಿನ ಸಾಲಲ್ಲಿ ಕುಳಿತ ಅಜ್ಜಿಯೇ ಹಿಡಿದುಬಿಡುತ್ತಾಳೆ. ಹೊಸಬನಿಗೆ ಇದಕ್ಕಿಂತ ಕಠಿಣವಾದ ಮೊದಲ ರಾತ್ರಿ ಎಲ್ಲಿದೆ? ಸಂಭಾವನೆ ಎಂದರೆ ಪಡಿ, ರಾಗಿ, ಒಂದಿಷ್ಟು ದುಡ್ಡು. ಅದಕ್ಕಿಂತ ದೊಡ್ಡದು ಬರುವ ವರ್ಷವೂ ಬಾ ಎಂಬ ಕರೆ.

ಇದನ್ನೆಲ್ಲ ಒಂದೆಡೆ ಉಳಿಸಿದ ಎಚ್.ಎಲ್. ನಾಗೇಗೌಡರನ್ನು ನೆನೆಯದೆ ಮುಂದೆ ಹೋಗಲಾಗದು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು, ಐಎಎಸ್ ಅಧಿಕಾರಿಯಾಗಿದ್ದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ಈ ಹದಿನೈದು ಎಕರೆಯ ಲೋಕ ಬಾಗಿಲು ತೆರೆಯಿತು. 2005ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಇದೇ ಧ್ಯಾನ. ಒರಳು, ಬೀಸುಕಲ್ಲು, ನೇಗಿಲುಗಳನ್ನು ಕೂಡಿಟ್ಟವರು ಬೇರೆಯವರೂ ಇದ್ದಾರೆ. ಹಾಡುವವರ ದನಿಯನ್ನೇ ಧ್ವನಿಮುದ್ರಿಸಿ, ಚಿತ್ರೀಕರಿಸಿ ಇಡಬೇಕೆಂದು ಹಟ ತೊಟ್ಟದ್ದು ಅವರ ದೊಡ್ಡತನ. ಚಿತ್ರಕುಟೀರದ ಛಾಯಾಚಿತ್ರಗಳ ಮುಂದೆ ನಿಂತಾಗ ಆ ದನಿಗಳೂ ಪಕ್ಕದಲ್ಲೇ ಕೇಳಿಸುವಂತಿದ್ದರೆ ಎಂದು ಆಸೆಯಾಗುತ್ತದೆ. ವಾದ್ಯ ನೋಡಿದವನಿಗೆ ಅದರ ನಾದ ತಿಳಿಯದೆ ಹೋದರೆ ಅರ್ಧವೇ ಸಿಕ್ಕಂತೆ.

ಹೊರಬಂದು ಚನ್ನಪಟ್ಟಣದತ್ತ ಹೊರಟೆ. ಕೆಂಗಲ್ ಆಂಜನೇಯನ ಗುಡಿ, ಆಮೇಲೆ ಗೊಂಬೆ ಅಂಗಡಿಗಳ ಸಾಲು. ಆಲೆಮರದ ಗೊಂಬೆಗಳು ಹೊಳೆಯುತ್ತವೆ, ಕೊಳ್ಳಲು ನಿಲ್ಲುವ ಕಾರುಗಳು ಹೆದ್ದಾರಿ ಬಂದ ಮೇಲೆ ಕಡಿಮೆಯಾದದ್ದು ಈ ಅಂಗಡಿಯವರ ದೊಡ್ಡ ಸಂಕಟ. ಊರು ದಾಟಿ ಮದ್ದೂರಿನ ಕಡೆಗೆ ಹೋದರೆ ನಿಡಘಟ್ಟ ಬರುತ್ತದೆ. ಹೆದ್ದಾರಿ ಕಟ್ಟಿದವರಿಗೆ ಇದು ಕಾಮಗಾರಿಯ ಎರಡು ಹಂತಗಳು ಸೇರಿದ ಜಾಗ. ನೀಲಗಾರರಿಗೆ ಕೆಂಪಾಚಾರಿಯ ಊರು.

ಕಥೆಯಲ್ಲಿ ನಿಡಘಟ್ಟದ ಪಾಂಚಾಳರ ಮನೆಯ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಬೇಡುತ್ತಾನೆ. ತಂದೆ ತಾಯಿ ಒಪ್ಪುವುದಿಲ್ಲ. ಕೊನೆಗೂ ಗುರುವಿನ ಪಾಲಾದ ಹುಡುಗ ಸಿದ್ದಪ್ಪಾಜಿಯಾಗುತ್ತಾನೆ. ಆಗ ಗುರು ಅವನಿಗೆ ಕೊಡುವ ಕೆಲಸವೇನು? ಹಲಗೂರಿಗೆ ಹೋಗಿ ಅಲ್ಲಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷ ತಾ ಎಂಬುದು. ತನ್ನದೇ ಕುಲದವರು ಅವನನ್ನು ಅವಮಾನಿಸುತ್ತಾರೆ, ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾರೆ. ಎಲ್ಲವನ್ನೂ ಗೆದ್ದು ಅವನು ಕಬ್ಬಿಣ ಪಡೆಯುತ್ತಾನೆ. ಒಬ್ಬನೇ ಹೋಗಿ ಅಪರಿಚಿತ ಬಾಗಿಲಲ್ಲಿ ನಿಂತು ಗೆಲ್ಲುವ ಈ ಕಥೆಯನ್ನು, ಒಬ್ಬನೇ ಹೋಗಿ ಬಾಗಿಲಲ್ಲಿ ನಿಲ್ಲುವವನೇ ಹಾಡುತ್ತಾನೆ. ನೀಲಗಾರ ಮೊದಲ ಸಲ ತಂಬೂರಿ ಹೊತ್ತು ಹೊರಟಾಗ ಅವನ ಎದೆಯಲ್ಲಿ ಈ ಹಲಗೂರು ಇದ್ದೇ ಇರುತ್ತದೆ ಎಂದು ನನಗೆ ತೋರುತ್ತದೆ. ಈ ಕಥೆಯಿರುವ ಮಂಟೇಸ್ವಾಮಿ ಮಹಾಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಓದಿದವರಿಗೂ ಒಂದು ರಾತ್ರಿ ಕೂತು ಕೇಳುವುದು ಬಾಕಿ ಉಳಿದೇ ಇರುತ್ತದೆ.

ಆ ಹಲಗೂರಿನ ದಾರಿ ಹುಡುಕಿ ಕನಕಪುರ ತಲುಪಿದರೆ ದಾರಿಯ ದಿಕ್ಕೇ ಬದಲಾಗುತ್ತದೆ. ಇಲ್ಲಿಂದ ಸಾತನೂರು, ಸಾತನೂರಿನಿಂದ ಹಲಗೂರು. ಇನ್ನೊಂದು ಕವಲು ಸಂಗಮಕ್ಕೆ. ಶಿವರಾತ್ರಿಯ ಹೊತ್ತಿಗೆ ಕನಕಪುರ, ರಾಮನಗರದ ಕಡೆಯ ಭಕ್ತರು ಸಂಗಮದಲ್ಲಿ ಕಾವೇರಿ ದಾಟಿ, ಬಸವನ ಕಡದ ಕಾಡು ಹಾದಿ ಹಿಡಿದು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆಯುತ್ತಾರೆ. ಕಂಸಾಳೆ ಹಿಡಿದು ಮಹದೇಶ್ವರನ, ಅಂದರೆ ಮಾದಪ್ಪನ, ಕಥೆ ಹಾಡುವ ದೇವರಗುಡ್ಡರ ನೆಲೆ ಆ ಬೆಟ್ಟ.

ಮಾಗಡಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ತಿರುಮಲೆಯ ರಂಗನಾಥನ ತೇರು, ಪೂಜಾ ಕುಣಿತ, ಪಟ ಕುಣಿತ ಎಲ್ಲವೂ ಗುಂಪಿನ ಸಂಭ್ರಮ, ನಾನು ಹುಡುಕಿದ್ದು ಒಬ್ಬನ ದನಿ.

ದೊಡ್ಡ ವೇದಿಕೆಗಳೂ ಈ ಸೀಮೆಗೆ ಹೊಸತಲ್ಲ. ಆಷಾಢದಲ್ಲಿ ರಾಮನಗರದ ಚಾಮುಂಡೇಶ್ವರಿ ಕರಗದ ರಾತ್ರಿ ರಸಮಂಜರಿ ನಡೆಯುತ್ತದೆ, ಕನಕಪುರದ ಕನಕೋತ್ಸವಕ್ಕೆ ಸಿನಿಮಾ ಗಾಯಕರು ಬರುತ್ತಾರೆ. ಸಿನಿಮಾದ ಹಂಗಿಲ್ಲದೆ ಕನ್ನಡದ ಹಾಡುಗಾರ ಜನರನ್ನು ಸೇರಿಸಬಲ್ಲನೆಂದು ತೋರಿಸಿದವರು ಪಿ. ಕಾಳಿಂಗರಾಯರು. ಮೋಹನಕುಮಾರಿ, ಸೋಹನಕುಮಾರಿಯರ ಜೊತೆ ನಾಡೆಲ್ಲ ಸುತ್ತಿ ಭಾವಗೀತೆಯನ್ನೂ ಜನಪದವನ್ನೂ ಹಾಡಿದರು. 2005ರಲ್ಲಿ ಸಿ. ಅಶ್ವತ್ಥ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮ ನಡೆಸಿದಾಗ ಸೇರಿದ ಜನಸಾಗರ ಆ ದಾರಿಯ ಫಲವೇ.

ಇಂದಿನ ಪಾಪ್ ಗಾಯಕರೂ ಜನಪದದ ಗಣಿಗೆ ಬರುತ್ತಾರೆ, ಬರಲಿ. ಆದರೆ 2020ರಲ್ಲಿ ಚಂದನ್ ಶೆಟ್ಟಿ ಮಾದಪ್ಪನ ‘ಕೋಲುಮಂಡೆ’ ಪದವನ್ನು ಹೊಸ ರೂಪದಲ್ಲಿ ತಂದಾಗ ಏನಾಯಿತೆಂಬುದನ್ನು ಮರೆಯಬಾರದು. ಮಾದಪ್ಪನ ಕಥೆಯಲ್ಲಿ ಬರುವ ಸಂಕಮ್ಮನನ್ನು ವಿಡಿಯೊದಲ್ಲಿ ತೋರಿಸಿದ ರೀತಿಗೆ ಅವನ ಭಕ್ತರು ನೊಂದು ವಿರೋಧಿಸಿದರು. ಗಾಯಕ ಕ್ಷಮೆ ಕೇಳಿದರು, ವಿಡಿಯೊವನ್ನು ಯೂಟ್ಯೂಬಿನಿಂದ ತೆಗೆಯಲಾಯಿತು. ಅವರ ಸಿಟ್ಟು ಅವಳನ್ನು ತೋರಿಸಿದ ರೀತಿಯ ಮೇಲಿತ್ತು ಎಂಬುದನ್ನು ಗಮನಿಸಬೇಕು. ಸಂಕಮ್ಮ ಭಕ್ತರ ಪಾಲಿಗೆ ಹಾಡಿನೊಳಗಿನ ಪಾತ್ರವಲ್ಲ, ಮನೆಮಗಳು. ದೇವರಗುಡ್ಡರ ಬಾಯಲ್ಲಿ ಅವಳ ‘ಸಾಲ’ನ್ನು, ಅಂದರೆ ಅವಳ ಕಥಾಭಾಗವನ್ನು, ಪೂರ್ತಿ ಕೇಳಿದವರು ಅವಳನ್ನು ಬೇರೆ ರೀತಿಯಲ್ಲೇ ತೋರಿಸುತ್ತಾರೆ.

ನನಗೊಂದು ಒತ್ತಾಯವಿದೆ. ನಾಲ್ಕೂ ತಾಲ್ಲೂಕಿನ ಉತ್ಸವಗಳಲ್ಲಿ ನೀಲಗಾರರಿಗೆ ಮುಖ್ಯ ಅತಿಥಿ ಬರುವ ತನಕದ ಹತ್ತು ನಿಮಿಷ ಕೊಡುವುದು ನಿಲ್ಲಲಿ. ಒಂದು ರಾತ್ರಿಯನ್ನು ಪೂರ್ತಿ ಅವರಿಗೇ ಬಿಡಿ, ಸಿನಿಮಾ ಗಾಯಕರಿಗೆ ಕೊಡುವ ಗೌರವವನ್ನೂ ಸಂಭಾವನೆಯನ್ನೂ ಕೊಡಿ, ಪೋಸ್ಟರಿನಲ್ಲಿ ಹಾಡುವವರ ಹೆಸರು ದೊಡ್ಡದಾಗಿ ಬರಲಿ.

ಅಲ್ಲಿಯವರೆಗೆ ಕಾಯಲಾರದವರು ಜನವರಿಯ ಹುಣ್ಣಿಮೆಗೆ ಸಿದ್ದಪ್ಪಾಜಿಯ ಜಾತ್ರೆ ನಡೆಯುವ ಚಿಕ್ಕಲ್ಲೂರಿಗೆ ಹೋಗಬಹುದು. ಕನಕಪುರದಿಂದ ಸಾತನೂರು, ಹಲಗೂರು, ಮಳವಳ್ಳಿ ದಾಟಿ ಹೋಗುವ ಕೊಳ್ಳೇಗಾಲದ ಬಸ್ಸು ಹಿಡಿಯಬೇಕು. ಐದು ದಿನಗಳ ಜಾತ್ರೆ ಚಂದ್ರಮಂಡಲವೆಂಬ ಆಕೃತಿಯನ್ನು ಹೊತ್ತಿಸುವುದರಿಂದ ಶುರುವಾಗುತ್ತದೆ, ಕಂಡಾಯವೆಂಬ ದೇವರ ಲಾಂಛನ ಹೊತ್ತು ಬಂದ ಒಕ್ಕಲುಗಳು ಬಿಡಾರ ಹೂಡಿರುತ್ತವೆ. ಒಂದು ಬಿಡಾರದ ಮುಂದೆ ಕಂಬಳಿ ಹಾಸಿ ಕೂತರೆ ಸಾಕು, ಕೆಂಪಾಚಾರಿ ಸಾಲು ಹೇಳಿ ಎಂದು ಕೇಳಿದರೆ ನೀಲಗಾರರು ಇಲ್ಲವೆನ್ನುವುದಿಲ್ಲ.