ಬೇಲಿ ಕಿತ್ತ ಮೇಲೆ

ಗದಗ-ಬೆಟಗೇರಿ ಎಂದೊಡನೆ ವೀರನಾರಾಯಣನ ಗುಡಿ, ತ್ರಿಕೂಟೇಶ್ವರನ ಶಿಲ್ಪ, ಬೆಟಗೇರಿಯ ಕೈಮಗ್ಗ, ವೀರೇಶ್ವರ ಪುಣ್ಯಾಶ್ರಮದ ಸಂಗೀತ ನೆನಪಾಗುವುದು ಸಹಜ. ಇದೇ ಅವಳಿ ಊರಿನಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರಿನ ವಸತಿಯೊಂದುಂಟು. ಹುಬ್ಬಳ್ಳಿಯಲ್ಲಿಯೂ ಇದೇ ಹೆಸರಿನ ಬಡಾವಣೆಯಿದೆ. ಆ ಇಂಗ್ಲಿಷ್ ಶಬ್ದದ ಹಿಂದೆ ತಪ್ಪಿತಸ್ಥರನ್ನು ತಿದ್ದುವುದೆಂದರೇನು ಎಂಬ ದೊಡ್ಡ ಪ್ರಶ್ನೆಯ ಚರಿತ್ರೆಯೇ ಅಡಗಿದೆ.

ಹುಟ್ಟೇ ಅಪರಾಧ

1871ರಲ್ಲಿ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. 1911ರ ಕಾಯಿದೆಯಿಂದ ಅದರ ವ್ಯಾಪ್ತಿ ಮುಂಬಯಿ ಪ್ರಾಂತಕ್ಕೂ ಹಬ್ಬಿತು. ಗಂಟಿಚೋರ, ಹರಣಶಿಕಾರಿ, ಕೊರವರಂಥ ಅಲೆಮಾರಿ ಸಮುದಾಯಗಳಲ್ಲಿ ಜನಿಸಿದವನು ಕಳವು ಮಾಡಿರಲಿ, ಬಿಡಲಿ, ಅವನ ಹೆಸರು ಪೋಲೀಸರ ದಫ್ತರದಲ್ಲಿ ಏರುವಂತಾಯಿತು. ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಪರವಾನಿಗೆಯಿಲ್ಲದೆ ಊರು ಬಿಡಕೂಡದು. ಒಂದು ಸಮುದಾಯವನ್ನು ಅಪರಾಧಿಯೆಂದು ಸಾರಿದ ಬಳಿಕ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲೂ ಆಸ್ಪದವಿರಲಿಲ್ಲ.

ಇಂಥವರನ್ನು ಒಂದೆಡೆ ನೆಲೆಗೊಳಿಸಿ ದುಡಿಮೆಗೆ ಹಚ್ಚುವ ಉದ್ದೇಶದಿಂದ ವಿಜಾಪುರ, ಬಾಗಲಕೋಟೆ, ಹುಬ್ಬಳ್ಳಿ, ಗದಗ, ಸೊಲ್ಲಾಪುರ ಮುಂತಾದೆಡೆ ಸೆಟ್ಲಮೆಂಟುಗಳು ಎದ್ದವು. ಇವುಗಳ ಮೇಲ್ವಿಚಾರಣೆ ಒ. ಎಚ್. ಬಿ. ಸ್ಟಾರ್ಟ್ ಎಂಬ ಅಧಿಕಾರಿಯದು. ಮಕ್ಕಳಿಗೆ ಶಾಲೆ, ತರುಣರಿಗೆ ಬಡಗಿತನದಂಥ ಕಸುಬು, ಪ್ರಾಯದವರಿಗೆ ಗಿರಣಿ-ಕಾರಖಾನೆಗಳ ಕೆಲಸ, ಹೀಗಿತ್ತು ಏರ್ಪಾಡು. ಕೆಲವು ಸೆಟ್ಲಮೆಂಟುಗಳ ಆಡಳಿತವನ್ನು ಕ್ರೈಸ್ತ ಮಿಶನ್‌ಗಳು ವಹಿಸಿಕೊಂಡವು. ನಡತೆ ತೃಪ್ತಿಕರವೆನಿಸಿದವರಿಗೆ ಬೇಲಿಯಾಚೆಯ ಮುಕ್ತ ವಸತಿಗಳಲ್ಲಿ ಬಾಳಲು ಅನುಮತಿ ದೊರೆಯುತ್ತಿತ್ತು.

ಅಕ್ಷರ ಮತ್ತು ಕಸುಬು ದೊರೆತದ್ದು ಸುಳ್ಳಲ್ಲ. ಆದರೆ ಅವು ತಂತಿಬೇಲಿಯ ಒಳಗೆ, ಹಾಜರಿಪಟ್ಟಿಯ ನೆರಳಿನಲ್ಲಿ ದೊರೆತವು. ತಪ್ಪು ಮಾಡದವನಿಗೂ ಕ್ಷಮೆಯ ಹಂಗು ಹೊರಿಸಿದ ಔದಾರ್ಯವದು.

ನಾಲ್ಕು ಊರು, ಹಲವು ಆಳಿಕೆ

ಇಂದು ಗದಗ ಜಿಲ್ಲೆಯಲ್ಲಿರುವ ಊರುಗಳು ಅಂದು ಒಂದೇ ಕಾಯಿದೆಗೆ ಒಳಪಟ್ಟಿರಲಿಲ್ಲ. ಗದಗ, ಮುಂಡರಗಿಗಳು ಧಾರವಾಡ ಜಿಲ್ಲೆಯವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಮುಂಡರಗಿಯ ಆಚೆಯ ಕೊಪ್ಪಳ ನಿಜಾಮರ ಸೀಮೆ. ಕೆಲವೇ ಹರದಾರಿ ನಡೆದರೆ ಸರಕಾರವೇ ಬದಲಾಗುತ್ತಿತ್ತು. ಬ್ರಿಟಿಷ್ ಹಿಂದುಸ್ಥಾನದ ಕಾಯಿದೆ ಸಂಸ್ಥಾನಗಳಿಗೆ ತಾನಾಗಿಯೇ ಅನ್ವಯಿಸುತ್ತಿರಲಿಲ್ಲ. ಒಂದು ಗಡಿಯ ಈಚೆ ಹುಟ್ಟಿನಿಂದಲೇ ಅಪರಾಧಿಯಾದವನು ಆಚೆ ಬರಿಯ ದಾರಿಹೋಕನಾಗಬಹುದಾಗಿತ್ತು. ಅಪರಾಧವು ರಕ್ತದಲ್ಲಿರದೆ ಕಾಗದದಲ್ಲಿತ್ತೆಂಬುದಕ್ಕೆ ಇನ್ನಾವ ಸಾಕ್ಷಿ ಬೇಕು?

ಕಾಯಿದೆ ಹೋಯಿತು, ಕಳಂಕ ಉಳಿಯಿತು

ಮುಂಬಯಿ ಪ್ರಾಂತದಲ್ಲಿ ಈ ಕಾಯಿದೆ 1949ರಲ್ಲಿಯೂ, ದೇಶದಾದ್ಯಂತ 1952ರ ಆಗಸ್ಟ್ 31ರಂದೂ ರದ್ದಾಯಿತು. ಬೇಲಿ ಬಿತ್ತು, ಜನರು ವಿಮುಕ್ತರೆನಿಸಿದರು. ಆದರೆ ಬಾಡಿಗೆಯ ಮನೆ ಕೇಳಹೋದಾಗ, ಕೆಲಸಕ್ಕೆ ಅರ್ಜಿ ಬರೆದಾಗ ‘ಸೆಟ್ಲಮೆಂಟಿನವರು’ ಎಂಬ ಒಂದು ಮಾತು ಬಾಗಿಲು ಮುಚ್ಚಿಸಲು ಸಾಕಾಗುತ್ತಿತ್ತು. 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಕಾರಾಗೃಹಗಳ ನಿಯಮಗಳಲ್ಲಿನ ಜಾತಿಭೇದವನ್ನು ಅಸಂವಿಧಾನಿಕವೆಂದು ಸಾರಿತು. ವಿಮುಕ್ತ ಸಮುದಾಯದವರನ್ನು ರೂಢಿಗತ ಅಪರಾಧಿಗಳೆಂದು ಎಣಿಸುವ ರೀತಿಯೂ ಆ ತೀರ್ಪಿನ ಖಂಡನೆಗೆ ಗುರಿಯಾಯಿತು. ಕಾಗದದ ಕಳಂಕ ತೊಳೆಯಲು ಎಪ್ಪತ್ತಕ್ಕೂ ಹೆಚ್ಚು ವರುಷಗಳು ಹಿಡಿದವು!

ತಪ್ಪು ಮಾಡದವರ ಪಾಡೇ ಇದಾದರೆ, ನಿಜವಾಗಿ ತಪ್ಪು ಮಾಡಿ, ಶಿಕ್ಷೆ ಅನುಭವಿಸಿ ಹೊರಬಂದವನ ಪಾಡೇನು? 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯು ಯೋಗ್ಯವೆನಿಸಿದವರನ್ನು ಸೆರೆಮನೆಗೆ ಕಳುಹಿಸದೆ, ಒಳ್ಳೆಯ ನಡತೆಯ ಮುಚ್ಚಳಿಕೆಯ ಮೇಲೆ ಬಿಡಲು ದಾರಿ ಮಾಡಿಕೊಟ್ಟಿತು. ಹಾಗೆ ಬಿಡುಗಡೆಯಾದವನಿಗೆ ಆ ಅಪರಾಧದ ನಿರ್ಣಯದಿಂದ ಅನರ್ಹತೆ ತಟ್ಟಬಾರದೆಂದೂ ಅದರಲ್ಲಿ ಹೇಳಿದೆ. 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆರೆಯಲ್ಲಿ ದುಡಿದವನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದಿತು. ಅದರಲ್ಲೊಂದು ಪಾಲು ಅಪರಾಧದಿಂದ ನೊಂದವರಿಗೆ ಮುಟ್ಟಬೇಕೆಂದೂ ಸೂಚಿಸಿತು. ನೊಂದವನನ್ನು ಮರೆತ ಕರುಣೆ ಅರ್ಧ ಕರುಣೆಯೇ ಸರಿ.

ಜಾಮೀನಿನ ಹಣವಿಲ್ಲದೆಯೇ ಒಳಗೆ ಕೊಳೆಯುವವರೂ ಇದ್ದಾರೆ. 2022ರ ಅಂಕಿಗಳಂತೆ ದೇಶದ ಬಂದಿಗಳಲ್ಲಿ ನೂರಕ್ಕೆ ಸುಮಾರು 76 ಮಂದಿ ವಿಚಾರಣಾಧೀನರು. ಬಡ ಬಂದಿಗಳ ದಂಡ, ಜಾಮೀನುಗಳಿಗೆ ನೆರವಾಗಲು ಕೇಂದ್ರ ಸರಕಾರವು 2023ರಲ್ಲಿ ಯೋಜನೆಯೊಂದನ್ನು ತಂದಿದೆ.

ಅನ್ನಕ್ಕಿಂತ ದೊಡ್ಡದು

ಈ ಸೀಮೆ ದಾನಕ್ಕೆ ಬಡವಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂ-ಮುಸಲ್ಮಾನರ ಸೌಹಾರ್ದಕ್ಕೆ ಹೆಸರಾದುದು. ಮುಂಡರಗಿಯಲ್ಲಿ ಅನ್ನದಾನೀಶ್ವರ ಮಠವಿದೆ. ದಾಸೋಹದ ಪಂಕ್ತಿಯಲ್ಲಿ ಕುಳಿತವನ ಪೂರ್ವವೃತ್ತಾಂತವನ್ನು ಯಾರೂ ಕೇಳುವುದಿಲ್ಲ. ಆದರೆ ಸೆರೆಯಿಂದ ಬಂದವನಿಗೆ ಒಂದು ಹೊತ್ತಿನ ಊಟ ಬಡಿಸುವುದು ಸುಲಭ. ಮಗ್ಗದ ಮುಂದೆ ಕೂರಿಸುವುದು, ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ನಿಲ್ಲಿಸುವುದು ಕಷ್ಟ. ಅವನಿಗೆ ಬೇಕಾದುದು ಮಾತ್ರ ಇದೇ: ತಲೆಯ ಮೇಲೊಂದು ಸೂರು, ಕೈಗೊಂದು ಕೆಲಸ, ಜಾಮೀನಿಗೊಬ್ಬ ಸದ್ಗೃಹಸ್ಥ.

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರಿ ಪತ್ತಿನ ಸಂಘ ಹುಟ್ಟಿತು. ಒಬ್ಬನಿಗಾಗಿ ಮತ್ತೊಬ್ಬ ಹೊಣೆ ನಿಲ್ಲುವುದೇ ಅದರ ತಿರುಳು. ಸಾಲಕ್ಕೆ ಹೊಣೆ ನಿಲ್ಲಲು ಕಲಿತ ನಾಡಿಗೆ ಮನುಷ್ಯನಿಗೆ ಹೊಣೆ ನಿಲ್ಲುವುದು ಅಸಾಧ್ಯವಾಗಲಾರದು. ತಂತಿಯ ಬೇಲಿಯನ್ನು ಸರಕಾರ ಕಿತ್ತಿತು. ಮನಸ್ಸಿನ ಬೇಲಿಯನ್ನು ಕೀಳಬೇಕಾದವರು ನೆರೆಹೊರೆಯವರೇ.